ಕುಡಿತ ಬಿಡಬೇಕು ಅಂತಿದ್ದೀರಾ? ಅಮೆರಿಕದಲ್ಲಿ ಮೊದಲ ಮೀಟಿಂಗ್ ಹುಡುಕುವುದು ಹೀಗೆ

ಮೀಟಿಂಗ್ ಅಂದರೆ ಕುಡಿತ ಬಿಟ್ಟವರು, ಬಿಡಬೇಕು ಅನ್ನುವವರು ಒಟ್ಟಿಗೆ ಕೂತು ಮಾತಾಡುವ ಸಭೆ. ಕನ್ನಡದ ಮೀಟಿಂಗ್ ಸಿಗಲಿ, ಆಮೇಲೆ ಹೋಗೋಣ ಅಂತ ಕಾಯಬೇಡಿ. ಮನೆಗೆ ಹತ್ತಿರ, ಇವತ್ತು ಸಂಜೆಯೇ ನಡೆಯುವ ಯಾವುದಾದರೂ ಒಂದಕ್ಕೆ ಹೋಗಿ. ಹೊಸದಾಗಿ ಬಂದವರು ಕೇಳಿದಾಗೆಲ್ಲ ನಾನು ಮೊದಲು ಹೇಳುವುದು ಇದನ್ನೇ. ನಾನೂ ಈ ಮೀಟಿಂಗ್‌ಗಳಲ್ಲಿ ಕೂತು ಕುಡಿತ ಬಿಟ್ಟವನು.

ಅದಕ್ಕೂ ಮುಂಚೆ ಒಂದು ಎಚ್ಚರಿಕೆ. ದಿನಾ ಜಾಸ್ತಿ ಕುಡಿಯುವವರು ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬೇಡಿ. ಕೈ ನಡುಗುವುದು, ಬೆವರುವುದು, ನಿದ್ದೆ ಬಾರದಿರುವುದು ಅನೇಕರಿಗೆ ಆಗುತ್ತದೆ, ಆದರೆ ಕೆಲವರಿಗೆ ಒಂದೆರಡು ದಿನದೊಳಗೆ ಫಿಟ್ಸ್ ಬರುತ್ತದೆ, ಇಲ್ಲದ್ದೆಲ್ಲ ಕಾಣಿಸುತ್ತದೆ, ಅದು ಜೀವಕ್ಕೇ ಅಪಾಯ. ಹಾಗಾದರೆ ತಕ್ಷಣ 911ಕ್ಕೆ ಫೋನ್ ಮಾಡಿ. ಡಾಕ್ಟರ ಹತ್ತಿರ ಎಷ್ಟು ಕುಡಿಯುತ್ತೀರಿ ಅಂತ ನಿಜವಾದ ಲೆಕ್ಕ ಹೇಳಿ, ದಯವಿಟ್ಟು ಅರ್ಧ ಮಾಡಬೇಡಿ. ಯಾರನ್ನು ಕೇಳಬೇಕು ಅಂತಲೇ ಗೊತ್ತಾಗದಿದ್ದರೆ ಸರ್ಕಾರದ ಸಹಾಯವಾಣಿ 1-800-662-4357 ಇದೆ. ಹಗಲು ರಾತ್ರಿ ಎತ್ತುತ್ತಾರೆ, ದುಡ್ಡು ಕೊಡಬೇಕಿಲ್ಲ, ವಿಷಯ ಹೊರಗೆ ಹೋಗುವುದಿಲ್ಲ.

ಈಗ ಹುಡುಕುವ ವಿಷಯ. ಇಲ್ಲಿ ಹೆಚ್ಚಾಗಿ ಸಿಗುವುದು ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. 1935ರಲ್ಲಿ ಓಹಾಯೊದ ಆಕ್ರನ್‌ನಲ್ಲಿ ಶುರುವಾದದ್ದು. ಫೋನಿಗೆ 'ಮೀಟಿಂಗ್ ಗೈಡ್' ಅನ್ನುವ ಆ್ಯಪ್ ಹಾಕಿಕೊಳ್ಳಿ, ಉಚಿತ. ನೀವು ಇರುವ ಜಾಗ ನೋಡಿ ಹತ್ತಿರದ ಮೀಟಿಂಗ್, ಹೊತ್ತು, ವಿಳಾಸ ತೋರಿಸುತ್ತದೆ. ಪಕ್ಕದಲ್ಲಿ 'ಓಪನ್' ಅಂತಿದ್ದರೆ ಯಾರು ಬೇಕಾದರೂ ಬರಬಹುದು, ಹೆಂಡತಿಯೋ ಸ್ನೇಹಿತನೋ ಜೊತೆಗೆ ಬಂದು ಕೂರಬಹುದು. 'ಕ್ಲೋಸ್ಡ್' ಅಂದರೆ ಕುಡಿತ ಬಿಡಬೇಕು ಅನ್ನುವವರಿಗೆ ಮಾತ್ರ, ನೀವು ಅದಕ್ಕೂ ಹೋಗಬಹುದು. ಹೆಂಗಸರಿಗೇ ಬೇರೆ ಮೀಟಿಂಗ್‌ಗಳೂ ಇವೆ.

ಮುಂಚೆ ಹೆಸರು ನೋಂದಾಯಿಸಬೇಕಿಲ್ಲ, ಸುಮ್ನೆ ಹೋಗಿ ಕೂತರೆ ಸಾಕು. ಸಾಮಾನ್ಯವಾಗಿ ಒಂದು ಗಂಟೆ. ಹೊಸಬರು ಇದ್ದೀರಾ ಅಂತ ಕೇಳಿದರೆ ಬರೀ ಮೊದಲ ಹೆಸರು ಹೇಳಿ, ಅದೂ ಇಷ್ಟವಿದ್ದರೆ. ಮಾತಾಡುವ ಸರದಿ ಬಂದರೆ 'ಐ ಆಮ್ ಜಸ್ಟ್ ಲಿಸನಿಂಗ್ ಟುಡೇ' ಅಂದುಬಿಡಿ, ಯಾರೂ ಒತ್ತಾಯ ಮಾಡುವುದಿಲ್ಲ. ಬುಟ್ಟಿ ಬರುತ್ತದೆ, ಒಂದೋ ಎರಡೋ ಡಾಲರ್ ಹಾಕುವವರು ಹಾಕುತ್ತಾರೆ, ಹೊಸಬರು ಹಾಕಬೇಕಿಲ್ಲ. ಕುಡಿದಿದ್ದರೂ ಬರಬಹುದು, ಆದರೆ ಕಾರು ಓಡಿಸಿಕೊಂಡು ಮಾತ್ರ ಬರಬೇಡಿ. ವೀಸಾದಲ್ಲಿರುವವರಿಗೆ ಇದನ್ನು ಒತ್ತಿ ಹೇಳುತ್ತೇನೆ: ಕುಡಿದು ಓಡಿಸಿ ಅರೆಸ್ಟ್ ಆದರೆ ವೀಸಾವನ್ನೇ ರದ್ದು ಮಾಡಬಹುದು. ಮೀಟಿಂಗ್‌ಗೆ ಹೋಗುವುದರಿಂದ ಅಂಥದ್ದೇನೂ ಆಗುವುದಿಲ್ಲ. ಎಎ ಸದಸ್ಯರ ಪಟ್ಟಿಯನ್ನೇ ಇಡುವುದಿಲ್ಲ, ನಿಮ್ಮ ಕಂಪನಿಗೆ ತಿಳಿಸುವವರೂ ಯಾರಿಲ್ಲ.

ತುಂಬಾ ಮೀಟಿಂಗ್‌ಗಳು ಚರ್ಚಿನ ನೆಲಮಾಳಿಗೆಯಲ್ಲಿ ನಡೆಯುತ್ತವೆ, ಕೊನೆಗೆ ಒಂದು ಪ್ರಾರ್ಥನೆಯೂ ಇರಬಹುದು. ಅದು ಬಾಡಿಗೆ ಜಾಗ ಅಷ್ಟೇ, ನಿಮ್ಮ ಧರ್ಮ ಯಾರೂ ಕೇಳುವುದಿಲ್ಲ. ದೇವರ ಮಾತೇ ಬೇಡ ಅನ್ನುವವರಿಗೆ ಸ್ಮಾರ್ಟ್ ರಿಕವರಿ ಅನ್ನುವ ಬೇರೆ ಸಂಸ್ಥೆಯ ಮೀಟಿಂಗ್‌ಗಳಿವೆ. ಅಲ್ಲಿ ಕುಡಿಯುವ ಆಸೆ ಬಂದಾಗ ಏನು ಮಾಡಬೇಕು ಅನ್ನುವುದನ್ನು ಅಭ್ಯಾಸ ಮಾಡಿಸುತ್ತಾರೆ.

ನಮ್ಮವರಿಗೆ ನಿಜವಾದ ಹೆದರಿಕೆ ಬೇರೆಯೇ, ಅಲ್ವಾ? ಕನ್ನಡ ಕೂಟದ ಯಾರಾದರೂ ನೋಡಿಬಿಟ್ಟರೆ? ಅಂಥವರು ಮೀಟಿಂಗ್ ಒಳಗೇ ಸಿಕ್ಕರೆ ಅವರೂ ನಿಮ್ಮ ಹಾಗೇ ಬಂದವರು. ಅಲ್ಲಿ ಕಂಡವರ, ಕೇಳಿದ್ದರ ಸುದ್ದಿ ಹೊರಗೆ ಆಡಬಾರದು ಅನ್ನುವುದನ್ನು ಎಲ್ಲರೂ ಗಟ್ಟಿಯಾಗಿ ಹಿಡಿದಿರುತ್ತಾರೆ. ಆದರೂ ಮನಸ್ಸು ಒಪ್ಪದಿದ್ದರೆ ಊರು ಬದಲಾಯಿಸಿ. ಉದಾಹರಣೆಗೆ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಇರುವವರು ಡಂಬಾರ್ಟನ್ ಸೇತುವೆ ದಾಟಿ ಪಾಲೊ ಆಲ್ಟೊ ಕಡೆ ಹೋಗಬಹುದು. ಮೊದಲ ಕೆಲವು ವಾರ ಹಾಗೆ ಮಾಡಿದರೆ ತಪ್ಪೇನಿಲ್ಲ, ಹೋಗದೇ ಇರುವುದಕ್ಕಿಂತ ಎಷ್ಟೋ ವಾಸಿ.

ಇನ್ನು ಕನ್ನಡ. ಧರ್ಮಸ್ಥಳದ ಮದ್ಯವರ್ಜನ ಶಿಬಿರ, ಅದಾದ ಮೇಲೆ ಸೇರುವ ನವಜೀವನ ಸಮಿತಿ ಗೊತ್ತಿರುವವರಿಗೆ ಈ ಕ್ರಮ ಹೊಸದಲ್ಲ, ಬಿಟ್ಟವರು ಒಬ್ಬರಿಗೊಬ್ಬರು ಆಸರೆಯಾಗುವುದು ಅಲ್ಲೂ ಇದೆ. ಬೆಂಗಳೂರಿನಲ್ಲಿ ಕನ್ನಡದಲ್ಲೇ ನಡೆಯುವ ಎಎ ಗುಂಪುಗಳಿವೆ. ಆನ್‌ಲೈನ್‌ನಲ್ಲಿ ಸೇರಲು ಆಗುತ್ತದಾ ಅಂತ ಅಲ್ಲಿನವರನ್ನು ಕೇಳಿ. ಅಲ್ಲಿ ರಾತ್ರಿ 8 ಗಂಟೆ ಅಂದರೆ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾಕ್ಕೆ ಬೆಳಿಗ್ಗೆ ಏಳೂವರೆ, ಆಫೀಸಿಗೆ ಮುಂಚೆ ಮುಗಿಯುತ್ತದೆ. ಆದರೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಶುಕ್ರವಾರ ರಾತ್ರಿ ಕೈ ಬಾಟಲಿ ಕಡೆ ಹೋದಾಗ ಕಾರು ತೆಗೆದುಕೊಂಡು ಬರುವವನು ನಿಮ್ಮ ಊರಲ್ಲೇ ಇರಬೇಕು. ಅದಕ್ಕೇ ನಿಮ್ಮ ಊರಿನ ಮೀಟಿಂಗ್ ಮುಗಿದ ಮೇಲೆ ಸರಸರ ಹೊರಡಬೇಡಿ, ಒಂದು ಕಾಫಿ ಹಿಡಿದು ನಿಲ್ಲಿ. ಅಲ್ಲಿನ ಹಳಬರೇ ಬಂದು ಫೋನ್ ನಂಬರ್ ಕೊಡುತ್ತಾರೆ, ತೆಗೆದುಕೊಳ್ಳಿ, ಮಾರನೇ ದಿನವೇ ಒಂದು ಮೆಸೇಜ್ ಹಾಕಿ.

ಇದನ್ನು ಗಂಡನಿಗಾಗಿಯೋ ಮಗನಿಗಾಗಿಯೋ ಓದುತ್ತಿರುವವರು ಅಲ್-ಅನಾನ್ ಹುಡುಕಿ, ಅದು ಮನೆಯವರಿಗೇ ಇರುವುದು. ಅವರು ಇನ್ನೂ ಕುಡಿಯುತ್ತಿದ್ದರೂ ನೀವು ಹೋಗಬಹುದು. ಎಚ್-4 ವೀಸಾದಲ್ಲಿ, ಅಂದರೆ ಗಂಡನ ಕೆಲಸದ ವೀಸಾದ ಆಧಾರದಲ್ಲಿ ಬಂದು, ಮನೆಯಲ್ಲೇ ಒಬ್ಬರೇ ಇದನ್ನೆಲ್ಲ ನುಂಗಿಕೊಂಡಿರುವ ಹೆಣ್ಣುಮಕ್ಕಳು ದಯವಿಟ್ಟು ಹೋಗಿ. ಕಾರಿಲ್ಲದಿದ್ದರೆ ಫೋನಿನಲ್ಲೂ, ಜೂಮ್‌ನಲ್ಲೂ ಇದೆ. ಹೊಡೆತ ಬಡಿತ ಇದ್ದರೆ ಮೀಟಿಂಗ್‌ಗೆ ಕಾಯಬೇಡಿ, 911ಕ್ಕೆ ಮಾಡಿ.

ಹಬ್ಬದ ದಿನಗಳಿಗೆ ಮುಂಚೆಯೇ ತಯಾರಾಗಿ. ಮನೆಯೊಳಗೆ ಊಟ, ಗ್ಯಾರೇಜಿನಲ್ಲಿ ಬಾಟಲಿ ಅನ್ನುವ ಪಾರ್ಟಿಗಳಿಗೆ ಮೊದಲ ವರ್ಷ ಬರುವುದಿಲ್ಲ ಅಂದುಬಿಡಿ, ಕಾರಣ ಹೇಳಬೇಕಾಗಿಲ್ಲ. ಥ್ಯಾಂಕ್ಸ್‌ಗಿವಿಂಗ್, ಕ್ರಿಸ್‌ಮಸ್, ಹೊಸ ವರ್ಷಕ್ಕೆ ಅನೇಕ ಊರುಗಳಲ್ಲಿ 'ಆಲ್ಕಥಾನ್' ಅಂತ ಹಗಲು ರಾತ್ರಿ ಒಂದರ ಹಿಂದೆ ಒಂದು ಮೀಟಿಂಗ್ ನಡೆಸುತ್ತಾರೆ, ಊಟವೂ ಇರುತ್ತದೆ. ಎಲ್ಲಿ ಅಂತ ನವೆಂಬರ್‌ನಲ್ಲೇ ಕೇಳಿಟ್ಟುಕೊಳ್ಳಿ.