ಕರುಳಿನ ಉರಿಯೂತದ ಔಷಧಿ: ನೋಟ್‌ಬುಕ್ಕಿನಲ್ಲಿ ಲೆಕ್ಕ ಇಡುವುದು ಹೇಗೆ?

ಕಲಬುರಗಿಯಿಂದ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಿ, ಕರುಳಿನ ತಜ್ಞರ ಕೋಣೆಯ ಹೊರಗೆ ಮೂರು ತಾಸು ಕಾದವರಿಗೆ ಒಳಗೆ ಸಿಗುವುದು ಹತ್ತು ನಿಮಿಷ. ವೈದ್ಯರು ಕೇಳುವುದು ಪ್ರತಿ ಸಲವೂ ಹೆಚ್ಚುಕಡಿಮೆ ಒಂದೇ: ದಿನಕ್ಕೆ ಎಷ್ಟು ಸಲ ಸಂಡಾಸಿಗೆ ಹೋಗುತ್ತೀರಿ, ರಕ್ತ ಬೀಳುತ್ತದೆಯೇ, ರಾತ್ರಿ ಏಳಬೇಕಾಗುತ್ತದೆಯೇ, ಗುಳಿಗೆ ಎಷ್ಟು ದಿನ ತಪ್ಪಿತು. 'ಹೋದ ತಿಂಗಳು ಸ್ವಲ್ಪ ತ್ರಾಸ ಇತ್ರಿ, ಈಗ ಅಡ್ಡಿ ಇಲ್ರಿ' ಎಂಬ ಉತ್ತರದಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಅಲ್ಸರೇಟಿವ್ ಕೊಲೈಟಿಸ್ ಎಂಬ ಕರುಳಿನ ಉರಿಯೂತದೊಂದಿಗೆ ಒಂಬತ್ತು ವರ್ಷ ಕಳೆದಿರುವ ನಾನು ಮೊದಲ ಎರಡು ವರ್ಷ ಕೊಟ್ಟಿದ್ದು ಇದೇ ಉತ್ತರವನ್ನು. ಆಮೇಲೆ ಸೂಪರ್ ಮಾರ್ಕೆಟ್‌ಗೆ ಹೋಗಿ 200 ಪುಟದ ಒಂದು ನೋಟ್‌ಬುಕ್ ತಂದೆ.

ಕರುಳಿನ ಈ ಉರಿಯೂತದಲ್ಲಿ ಮುಖ್ಯವಾಗಿ ಎರಡು ಬಗೆ. ಅಲ್ಸರೇಟಿವ್ ಕೊಲೈಟಿಸ್ ಗುದನಾಳದಿಂದ ಆರಂಭವಾಗಿ ದೊಡ್ಡ ಕರುಳಿನಲ್ಲಿ ಮೇಲಕ್ಕೆ ಹಬ್ಬುತ್ತದೆ. ಕ್ರೋನ್ಸ್ ಕಾಯಿಲೆ ಬಾಯಿಯಿಂದ ಗುದದ್ವಾರದವರೆಗೆ ಎಲ್ಲಿ ಬೇಕಾದರೂ ಕಾಣಿಸಿಕೊಳ್ಳಬಹುದು. ನಮ್ಮ ಕಡೆ ಎರಡನ್ನೂ ಮೂಲವ್ಯಾಧಿ ಎಂದೋ ಉಷ್ಣ ಎಂದೋ ತಿಳಿದು ವರ್ಷಗಟ್ಟಲೆ ಕಳೆದವರಿದ್ದಾರೆ. ಔಷಧಿಯಿಂದ ಕಾಯಿಲೆ ಹತೋಟಿಗೆ ಬರುತ್ತದೆಯೇ ಹೊರತು ಬೇರುಸಹಿತ ಹೋಗುವುದಿಲ್ಲ. ಆದ್ದರಿಂದಲೇ 'ಆರಾಮ ಆಗೇದಲ್ರಿ, ಇನ್ನ ಗುಳಿಗಿ ಯಾಕ್ರಿ?' ಎಂದು ಕೇಳಿ ನಿಲ್ಲಿಸಿದವರಲ್ಲಿ ಅನೇಕರು ಕೆಲವು ತಿಂಗಳಲ್ಲಿ ಮತ್ತೆ ರಕ್ತ ನೋಡುತ್ತಾರೆ.

ಮೊದಲ ಪುಟ ಔಷಧಿಗಳದ್ದು. ಡಬ್ಬಿಯ ಮೇಲೆ ಕಂಪನಿ ಇಟ್ಟಿರುವ ಹೆಸರಿಗಿಂತ ಔಷಧಿಯ ಮೂಲ ಹೆಸರನ್ನು, ಅಂದರೆ ಮೆಸಲಮೈನ್, ಪ್ರೆಡ್ನಿಸೋಲೋನ್, ಅಜಥಯೋಪ್ರಿನ್ ಎಂಬುದನ್ನು, ಎಷ್ಟು ಮಿಲಿಗ್ರಾಂ, ಯಾವ ತಾರೀಖಿನಿಂದ ಎಂಬುದರೊಂದಿಗೆ ಬರೆಯಿರಿ. ಸಲ್ಫಾ ಔಷಧಿ ಮೈಗೆ ಒಗ್ಗದಿದ್ದರೆ, ಮನೆಯಲ್ಲಿ ಯಾರಿಗಾದರೂ ಕ್ಷಯ ಬಂದಿದ್ದರೆ ಅದನ್ನೂ ಸೇರಿಸಿ. ಬೇರೆ ಕಾಯಿಲೆಯ ಗುಳಿಗೆಗಳನ್ನು ಬಿಡಬೇಡಿ: ಯೂರಿಕ್ ಆಮ್ಲ ಹೆಚ್ಚಾದವರಿಗೆ ಕೊಡುವ ಅಲೋಪ್ಯೂರಿನಾಲ್, ಅಜಥಯೋಪ್ರಿನ್ ಜೊತೆ ಸೇರಿದರೆ ರಕ್ತದ ಬಿಳಿಕಣಗಳು ಅಪಾಯಕರವಾಗಿ ಇಳಿಯಬಹುದು. ಮೊಣಕಾಲು ನೋವಿಗೆ ಅಂಗಡಿಯಲ್ಲಿ ಕೇಳಿ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್‌ಗಳು ಕರುಳನ್ನು ಕೆರಳಿಸಬಲ್ಲವು. ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುವುದೇ ಎಂದು ಮೊದಲು ಕೇಳಿಕೊಳ್ಳಿ.

ಎರಡನೆಯ ಪುಟದಿಂದ ದಿನಕ್ಕೊಂದು ಸಾಲು. ಉದ್ದಕ್ಕೆ ಬರೆಯಲು ಹೊರಟರೆ ವಾರದಲ್ಲಿ ಕೈಬಿಡುತ್ತೀರಿ. ನನ್ನದೊಂದು ಸಾಲು ಹೀಗಿದೆ: 'ಏಪ್ರಿಲ್ 14. 5 ಸಲ. ರಕ್ತ 2 ಸಲ. ರಾತ್ರಿ 1. ಮಧ್ಯಾಹ್ನದ ಗುಳಿಗೆ ಇಲ್ಲ, ಮದುವೆ.' ಇಷ್ಟೇ ಸಾಕು. ಸಂಖ್ಯೆ ಬರೆಯುವುದಕ್ಕೆ ಇನ್ನೊಂದು ಕಾರಣವಿದೆ. ದಿನಕ್ಕೆ 6 ಅಥವಾ ಅದಕ್ಕಿಂತ ಹೆಚ್ಚು ಸಲ ರಕ್ತಭೇದಿಯಾಗಿ, ಅದರೊಂದಿಗೆ ಜ್ವರ 37.8 ಡಿಗ್ರಿ ಸೆಲ್ಸಿಯಸ್ ಮೀರಿದರೆ ಅಥವಾ ನಾಡಿ ನಿಮಿಷಕ್ಕೆ 90 ದಾಟಿದರೆ ಅದು ತೀವ್ರ ಕೊಲೈಟಿಸ್‌ನ ಲಕ್ಷಣ. 1955ರಲ್ಲಿ ಟ್ರೂಲವ್ ಮತ್ತು ವಿಟ್ಸ್ ಎಂಬ ಬ್ರಿಟಿಷ್ ವೈದ್ಯರು ಹಾಕಿಕೊಟ್ಟ ಈ ಅಳತೆ ಇಂದಿಗೂ ಬಳಕೆಯಲ್ಲಿದೆ. ಅಂಥ ದಿನ ಮುಂದಿನ ಅಪಾಯಿಂಟ್‌ಮೆಂಟ್‌ಗೆ ಕಾಯದೆ ಅಂದೇ ಆಸ್ಪತ್ರೆಗೆ ಹೋಗಬೇಕು.

ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಪ್ರತಿ ಔಷಧಿಯ ಎದುರು 'ಯಾವಾಗಿನಿಂದ ಗುಣ ಕಾಣಬೇಕು' ಎಂದು ವೈದ್ಯರನ್ನೇ ಕೇಳಿ ತಾರೀಖು ಬರೆದುಕೊಳ್ಳುವುದು. ಪ್ರೆಡ್ನಿಸೋಲೋನ್‌ನಂಥ ಸ್ಟಿರಾಯ್ಡ್ ಒಂದೆರಡು ವಾರದಲ್ಲೇ ಆರಾಮ ಕೊಡುತ್ತದೆ. ಮೆಸಲಮೈನ್ ಕೆಲವು ವಾರ ತೆಗೆದುಕೊಳ್ಳುತ್ತದೆ. ಅಜಥಯೋಪ್ರಿನ್ ಪೂರ್ತಿ ಕೆಲಸಕ್ಕೆ ಬರಲು ಎರಡು ಮೂರು ತಿಂಗಳು ಬೇಕು, ಈ ಸಂಗತಿ ತಿಳಿಯದೆ ನಾಲ್ಕನೆಯ ವಾರಕ್ಕೇ 'ಇದು ನನಗ ಹತ್ತಂಗಿಲ್ಲ' ಎಂದು ಬಿಟ್ಟವರನ್ನು ನಾನು ಕಂಡಿದ್ದೇನೆ. ಸ್ಟಿರಾಯ್ಡ್‌ನ ಕಷ್ಟ ಇದಕ್ಕೆ ತದ್ವಿರುದ್ಧ. ಅದು ಬೇಗ ಗುಣ ಕೊಡುವುದರಿಂದ ಜನ ಅದನ್ನೇ ಹಿಡಿದುಕೊಳ್ಳುತ್ತಾರೆ, ಹಳೆಯ ಚೀಟಿ ತೋರಿಸಿ ಮತ್ತೆ ಮತ್ತೆ ಕೊಳ್ಳುತ್ತಾರೆ. ಸಕ್ಕರೆ ಏರುವುದು, ಮೂಳೆ ಸವೆಯುವುದು ತಡವಾಗಿ ತಿಳಿಯುತ್ತದೆ. ಇನ್ನು ಕೆಲವರು ಒಮ್ಮೆಲೇ ನಿಲ್ಲಿಸುತ್ತಾರೆ. ಸೇಡಂ ಕಡೆಯ ಶಿಕ್ಷಕಿಯೊಬ್ಬರಿಗೆ ಸ್ಟಿರಾಯ್ಡ್‌ನಿಂದ ಮುಖ ಊದಿಕೊಂಡಿತ್ತು. ಸೀಮಂತಕ್ಕೆ ಹೋದಾಗ ಬೀಗರು 'ಮಾರಿ ತುಂಬ್ಯಾದ್ರಿ ಟೀಚರ್, ಚೊಲೊ ಆಗೀರಿ' ಎಂದರಂತೆ. ಆ ಮಾತು ನುಂಗಲಾಗದೆ ಮರುದಿನವೇ ಗುಳಿಗೆ ಬಿಟ್ಟ ಅವರು ವಾರದೊಳಗೆ ತಲೆ ತಿರುಗಿ ಶಾಲೆಯಲ್ಲಿ ಕುಸಿದರು. ಹೊರಗಿನಿಂದ ಸ್ಟಿರಾಯ್ಡ್ ಬರುತ್ತಿರುವಾಗ ದೇಹದೊಳಗೇ ಸ್ಟಿರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿಗಳು ತಮ್ಮ ಕೆಲಸವನ್ನು ಕಡಿಮೆ ಮಾಡಿಕೊಂಡಿರುತ್ತವೆ. ಅವು ಮತ್ತೆ ಚೇತರಿಸಿಕೊಳ್ಳಲೆಂದೇ ಪ್ರಮಾಣವನ್ನು ವಾರವಾರವೂ ಇಳಿಸುವುದು. ಸಾಮಾನ್ಯವಾಗಿ ದಿನಕ್ಕೆ 40 ಮಿಲಿಗ್ರಾಂನಿಂದ ಆರಂಭಿಸಿ ವಾರಕ್ಕೆ 5ರಂತೆ ಇಳಿಸುವ ಆ ಪಟ್ಟಿಯನ್ನು ತಾರೀಖುಸಹಿತ ನೋಟ್‌ಬುಕ್ಕಿನಲ್ಲಿ ಬರೆದು, ಮುಗಿದ ವಾರಕ್ಕೆ ಗೀಟು ಎಳೆಯುತ್ತ ಹೋಗಿ.

ಅಡ್ಡಪರಿಣಾಮವನ್ನೂ ಕಂಡ ದಿನವೇ ಬರೆಯಬೇಕು, ಯಾಕೆಂದರೆ ಕೆಲವು ಕೇವಲ ನೋಡಲು ಗಾಬರಿ ಹುಟ್ಟಿಸುವಂಥವು, ಇನ್ನು ಕೆಲವು ನಿಜಕ್ಕೂ ಅಪಾಯದವು. ಸಲ್ಫಾಸಲಜಿನ್ ತೆಗೆದುಕೊಳ್ಳುವವರ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಹೆದರಬೇಕಿಲ್ಲ. ಕೆಲವು ಮೆಸಲಮೈನ್ ಗುಳಿಗೆಗಳ ಖಾಲಿ ಹೊದಿಕೆ ಮಲದಲ್ಲಿ ಹೊರಬರುತ್ತದೆ. ಇಡೀ ಗುಳಿಗೆಯೇ ಮತ್ತೆ ಮತ್ತೆ ಬಂದರೆ ಮಾತ್ರ ವೈದ್ಯರಿಗೆ ಹೇಳಬೇಕು. ಆ ಹೊದಿಕೆ ಇರುವುದು ಔಷಧಿ ಕರುಳಿನವರೆಗೆ ತಲುಪಲೆಂದು, ಹಾಗಾಗಿ ಗುಳಿಗೆಯನ್ನು ಮುರಿಯಬಾರದು, ಅರೆಯಬಾರದು. ಅಜಥಯೋಪ್ರಿನ್ ಆರಂಭಿಸಿದ ಮೇಲೆ ಜ್ವರ, ಗಂಟಲು ನೋವು, ಹೊಟ್ಟೆಯ ಮೇಲ್ಭಾಗದಲ್ಲಿ ಬಲವಾದ ನೋವು ಬಂದರೆ ತಡಮಾಡಬಾರದು. ಎನ್‌ಯುಡಿಟಿ15 ಎಂಬ ಜೀನಿನ ಒಂದು ವ್ಯತ್ಯಾಸ ಭಾರತೀಯರಲ್ಲೂ ಇರುವುದರಿಂದ ಕೆಲವರಿಗೆ ಸಣ್ಣ ಪ್ರಮಾಣದಲ್ಲೇ ಬಿಳಿಕಣ ಕುಸಿಯುತ್ತದೆ. ಆದ್ದರಿಂದ ಆರಂಭದ ವಾರಗಳಲ್ಲಿ ಪದೇಪದೇ, ಆಮೇಲೆ ಸುಮಾರು ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸಿ, ಅದರ ಅಂಕಿಯನ್ನು ನೋಟ್‌ಬುಕ್ಕಿನ ಹಿಂಬದಿಯಿಂದ ಬರೆಯುತ್ತ ಬನ್ನಿ. ಮೆಸಲಮೈನ್‌ನವರು ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಅಂಕಿಯನ್ನೂ ಅಲ್ಲೇ ಬರೆಯಬಹುದು.

ಎನಿಮಾ ಮತ್ತು ಗುದದ ಗುಳಿಗೆಯ ಬಗ್ಗೆ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ. ತುಂಬಿದ ಮನೆಯಲ್ಲಿ ನಾಚಿಕೆ ಸಹಜವೇ. ನಾನೂ ಆರು ತಿಂಗಳು ಡಬ್ಬಿಯನ್ನು ಕಪಾಟಿನಲ್ಲಿ ಬಚ್ಚಿಟ್ಟಿದ್ದೆ. ಆದರೆ ಕಾಯಿಲೆ ಕೆಳಗಿನ ಭಾಗಕ್ಕೆ ಸೀಮಿತವಾಗಿದ್ದಾಗ ನುಂಗುವ ಗುಳಿಗೆಗಿಂತ ಅದೇ ಹೆಚ್ಚು ಫಲ ಕೊಡುತ್ತದೆ. ಮಲಗುವ ಮುಂಚೆ ಸಂಡಾಸಿಗೆ ಹೋಗಿ ಬಂದು, ಹಳೆಯ ದುಪ್ಪಟಿ ಹಾಸಿ, ಎಡಮಗ್ಗುಲಿಗೆ ಮಲಗಿ ನಿಧಾನವಾಗಿ ಒತ್ತಬೇಕು, ಅರ್ಧ ತಾಸಾದರೂ ಏಳಬಾರದು. ಬಿಸಿಲು 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಗುದದ ಗುಳಿಗೆ ಮೆತ್ತಗಾಗಿ ಆಕಾರ ಕಳೆದುಕೊಳ್ಳಬಹುದು. ಡಬ್ಬಿಯ ಮೇಲಿನ ತಾಪಮಾನ ನೋಡಿ ಇಡಿ. ಇದೇ ಕಾಯಿಲೆಗೆ ಕೆಲವರಿಗೆ ಕೊಡುವ ಅಡಾಲಿಮುಮ್ಯಾಬ್ ಚುಚ್ಚುಮದ್ದನ್ನು 2ರಿಂದ 8 ಡಿಗ್ರಿಯಲ್ಲೇ ಇಡಬೇಕು, ಆದರೆ ಅದು ಹೆಪ್ಪುಗಟ್ಟಬಾರದು. ರೈಲಿನಲ್ಲಿ ತರುವಾಗ ಬರ್ಫಕ್ಕೆ ನೇರವಾಗಿ ತಾಗದಂತೆ ಬಟ್ಟೆ ಸುತ್ತಬೇಕು. ಇನ್ಫ್ಲಿಕ್ಸಿಮ್ಯಾಬ್ ಎಂಬ ಇನ್ನೊಂದು ಔಷಧಿಯಾದರೆ ಮೊದಲ ಡೋಸಿನ ನಂತರ 2 ಮತ್ತು 6ನೆಯ ವಾರಕ್ಕೆ, ಆಮೇಲೆ 8 ವಾರಕ್ಕೊಮ್ಮೆ ಆಸ್ಪತ್ರೆಯಲ್ಲೇ ಏರಿಸುತ್ತಾರೆ. ಇವೆರಡನ್ನೂ ಆರಂಭಿಸುವ ಮುಂಚೆ ಕ್ಷಯದ ತಪಾಸಣೆ ಕಡ್ಡಾಯವೆಂದೇ ತಿಳಿಯಿರಿ, ಅಡಗಿರುವ ಕ್ಷಯ ಇವುಗಳಿಂದ ಎದ್ದುಬಿಡಬಹುದು.

ರಂಜಾನ್ ಉಪವಾಸಕ್ಕೆ, ಶ್ರಾವಣ ಸೋಮವಾರಕ್ಕೆ ಗುಳಿಗೆ ಬಿಡುವ ಬದಲು ಹೊತ್ತು ಬದಲಿಸಬಹುದೇ ಎಂದು ಮುಂಚಿತವಾಗಿ ಕೇಳಿ. ಬಸುರಿ ಎಂದು ತಿಳಿದ ಕೂಡಲೇ ತಾವಾಗಿ ಎಲ್ಲ ಔಷಧಿ ನಿಲ್ಲಿಸುವುದೂ ಸರಿಯಲ್ಲ: ಮೆಸಲಮೈನ್, ಅಜಥಯೋಪ್ರಿನ್‌ಗಳನ್ನು ಸಾಮಾನ್ಯವಾಗಿ ಮುಂದುವರಿಸುತ್ತಾರೆ, ಮೆಥೋಟ್ರೆಕ್ಸೇಟ್ ಮಾತ್ರ ಕೂಡದು, ಅದನ್ನು ಗರ್ಭಧಾರಣೆಗೆ ಮುಂಚೆಯೇ ವೈದ್ಯರೊಂದಿಗೆ ಮಾತಾಡಿ ಬಿಡಬೇಕು.

ತಜ್ಞರ ಬಳಿ ಹೋಗುವ ಹಿಂದಿನ ರಾತ್ರಿ ಇಡೀ ತಿಂಗಳನ್ನು ಐದು ಸಾಲಿಗೆ ಇಳಿಸಿ ಬರೆಯಿರಿ, ಆದರೆ ನೋಟ್‌ಬುಕ್ಕನ್ನೂ ಒಯ್ಯಿರಿ. ನನ್ನ ಐದು ಸಾಲು ಓದಿದ ಸೊಲ್ಲಾಪುರದ ವೈದ್ಯರು ಏಪ್ರಿಲ್ ಪುಟಕ್ಕೆ ತಿರುಗಿಸಿ, ಗುಳಿಗೆ ತಪ್ಪಿದ ಏಳು ದಿನಗಳ ಮೇಲೆ ಒಂದೊಂದಾಗಿ ಬೆರಳಿಟ್ಟರು. ಏಳೂ ಸಲ ತಪ್ಪಿದ್ದು ಮಧ್ಯಾಹ್ನದ್ದೇ. 'ಮದುವಿ ಸೀಜನ್ ಮುಗೀತೇನ್ರಿ?' ಎಂದು ಕೇಳಿ, ಮೂರು ಹೊತ್ತಿನ ಮೆಸಲಮೈನನ್ನು ಬೆಳಿಗ್ಗೆ ಒಂದೇ ಹೊತ್ತಿಗೆ ಬರೆದುಕೊಟ್ಟರು.