ಪಾಪ್ ತಾರೆಯ ಪ್ರವಾಸದ ಸಾಕ್ಷ್ಯಚಿತ್ರವನ್ನು ನೋಡುವ ಬಗೆ

ವೇದಿಕೆಯ ಹಿಂದಿನ ಬದುಕನ್ನು ಇದ್ದದ್ದು ಇದ್ದ ಹಾಗೆ ತೋರಿಸುತ್ತೇವೆಂದು ಹೇಳಿಕೊಳ್ಳುವ ಸಾಕ್ಷ್ಯಚಿತ್ರವನ್ನು ನೋಡಲು ಕೂರುವಾಗ ಮೊದಲು ಓದಬೇಕಾದದ್ದು ಅದರ ಹೆಸರುಗಳ ಪಟ್ಟಿಯನ್ನು. 1991ರಲ್ಲಿ ತೆರೆಕಂಡ, ಅಲೆಕ್ ಕೆಶಿಶಿಯನ್ ನಿರ್ದೇಶನದ 'ಟ್ರೂತ್ ಆರ್ ಡೇರ್' ಚಿತ್ರವನ್ನೇ ತೆಗೆದುಕೊಳ್ಳಿ. ಹಲವು ದೇಶಗಳಲ್ಲಿ ಅದು 'ಇನ್ ಬೆಡ್ ವಿತ್ ಮಡೋನಾ' ಎಂಬ ಹೆಸರಿನಲ್ಲಿ ಬಂದಿತು. ಚಿತ್ರದ ನಾಯಕಿ ಅಮೆರಿಕದ ಪಾಪ್ ಗಾಯಕಿ ಮಡೋನಾ. ಕಾರ್ಯಕಾರಿ ನಿರ್ಮಾಪಕರ ಜಾಗದಲ್ಲಿರುವ ಹೆಸರೂ ಅವರದೇ. ಹಾಗೆಂದ ಮಾತ್ರಕ್ಕೆ ಚಿತ್ರ ಸುಳ್ಳೆಂದಾಗುವುದಿಲ್ಲ, ಆದರೆ ತಮ್ಮನ್ನು ಕೆಟ್ಟದಾಗಿ ತೋರಿಸುವ ದೃಶ್ಯವನ್ನೂ ಅವರು ಉಳಿಸಿಕೊಂಡಿದ್ದರೆ, ಅದನ್ನು ಏಕೆ ಉಳಿಸಿಕೊಂಡರು ಎಂದು ಕೇಳುವ ಹಕ್ಕು ನೋಡುಗರಿಗೆ ಬರುತ್ತದೆ.

ಮೊದಲ ಸಲ ನೋಡುವಾಗ ಬಣ್ಣದ ಮೇಲೆ ಗಮನವಿರಲಿ. ಹಾಡು, ಕುಣಿತಗಳೆಲ್ಲ ಬಣ್ಣದಲ್ಲಿವೆ. ವೇದಿಕೆಯ ಹಿಂದಿನದು ಬಹುಪಾಲು ಕಪ್ಪು-ಬಿಳುಪಿನಲ್ಲಿದೆ. ಕಪ್ಪು-ಬಿಳುಪು ಕಂಡೊಡನೆ ನಾವು ಅದನ್ನು ವರದಿಯಂತೆ ನಂಬಿಬಿಡುತ್ತೇವೆ, ಆದರೆ ಅದೂ ಆರಿಸಿಕೊಂಡ ಉಡುಪೇ. ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುತ್ತಿರುವ ವೇಷಧಾರಿಯೂ ಕ್ಯಾಮೆರಾ ಒಳಗೆ ಬಂದರೆ ಒಮ್ಮೆ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾನಲ್ಲವೇ!

ದೃಶ್ಯಗಳ ಕಾಲಕ್ರಮವನ್ನು ಕಾಗದದ ಮೇಲೆ ಗುರುತು ಹಾಕಿಕೊಳ್ಳುವುದು ಎರಡನೆಯ ಕೆಲಸ. ಈ ಚಿತ್ರ ದಾಖಲಿಸಿರುವ 'ಬ್ಲಾಂಡ್ ಆಂಬಿಷನ್' ಸಂಗೀತ ಪ್ರವಾಸ 1990ರ ಏಪ್ರಿಲ್‌ನಲ್ಲಿ ಜಪಾನಿನ ಚಿಬಾದಲ್ಲಿ ಆರಂಭವಾಗಿ, ಉತ್ತರ ಅಮೆರಿಕವನ್ನು ಹಾದು, ಆಗಸ್ಟ್‌ನಲ್ಲಿ ಫ್ರಾನ್ಸಿನ ನೀಸ್‌ನಲ್ಲಿ ಮುಗಿಯಿತು. ಇಲ್ಲಿ ಕೂದಲೇ ಒಳ್ಳೆಯ ಗುರುತು: ಆರಂಭದಲ್ಲಿ ಮಡೋನಾ ಎತ್ತರದ ಜುಟ್ಟು ಕಟ್ಟಿದ್ದರು, ಯುರೋಪಿಗೆ ಬರುವ ಹೊತ್ತಿಗೆ ಗುಂಗುರು ಕೂದಲಿತ್ತು. ವೇದಿಕೆಯ ಹಿಂದಿನ ಒಂದು ದೃಶ್ಯದ ಬೆನ್ನಿಗೇ ಹಾಡು ಬಂದಾಗ ಎರಡರಲ್ಲೂ ತಲೆ ಒಂದೇ ಬಗೆಯಲ್ಲಿದೆಯೇ ಎಂದು ನೋಡಿದರೆ, ಅವು ಒಂದೇ ಊರಿನವೋ ಸಂಕಲನಕಾರರು ಹೊಲಿದು ಜೋಡಿಸಿದವೋ ಎಂಬುದರ ಸುಳಿವು ಸಿಗುತ್ತದೆ. ಟೊರಾಂಟೊದಲ್ಲಿ ಪ್ರದರ್ಶನ ಅಶ್ಲೀಲವೆಂದು ಪೊಲೀಸರು ಬಂಧನದ ಎಚ್ಚರಿಕೆ ಕೊಟ್ಟ ಪ್ರಸಂಗವನ್ನು ಹೀಗೆ ಪರೀಕ್ಷಿಸುವುದು ವಿಶೇಷವಾಗಿ ಉಪಯುಕ್ತ, ಏಕೆಂದರೆ ಚಿತ್ರದಲ್ಲಿ ಕಥೆಯ ಬಿಗಿ ಹೆಚ್ಚಾಗಿರುವುದು ಅಲ್ಲಿಯೇ.

ಬಳಿಕ, ಖಾಸಗಿ ಎನಿಸುವ ಪ್ರತಿಯೊಂದು ದೃಶ್ಯದಲ್ಲೂ ಕ್ಯಾಮೆರಾ ಎಲ್ಲಿ ನಿಂತಿದೆ ಎಂದು ಕೇಳಿಕೊಳ್ಳಿ. ತಾಯಿಯ ಸಮಾಧಿಯ ಬಳಿ ಮಡೋನಾ ಮಲಗುವ ದೃಶ್ಯದಲ್ಲಿ ಅವರೊಬ್ಬರೇ ಇದ್ದಂತೆ ತೋರುತ್ತದೆ. ಚಿತ್ರತಂಡವೂ ಅಲ್ಲೇ ಇತ್ತೆಂಬುದನ್ನು ನಾವಾಗಿಯೇ ನೆನಪಿಸಿಕೊಳ್ಳಬೇಕು. ಇನ್ನೊಂದೆಡೆ ವೈದ್ಯರು ಅವರ ಗಂಟಲನ್ನು ಪರೀಕ್ಷಿಸುತ್ತಾ, ಕ್ಯಾಮೆರಾ ಇಲ್ಲದೆ ಮಾತನಾಡಬೇಕೇ ಎಂದು ವಿಚಾರಿಸುತ್ತಾರೆ. ಆಗ ನಟ ವಾರೆನ್ ಬೀಟಿ, ಆಕೆಗೆ ಕ್ಯಾಮೆರಾ ಇಲ್ಲದೆ ಬದುಕುವುದೇ ಬೇಡವಾಗಿರುವಾಗ ಮಾತೆಲ್ಲಿಯದು ಎಂಬ ಅರ್ಥದಲ್ಲಿ ಚುಚ್ಚುತ್ತಾರೆ. ನನ್ನ ದೃಷ್ಟಿಯಲ್ಲಿ ಚಿತ್ರದ ಅತ್ಯಂತ ಪ್ರಾಮಾಣಿಕ ಗಳಿಗೆ ಇದು, ಮತ್ತು ಅದನ್ನು ಕತ್ತರಿಸದೆ ಬಿಟ್ಟಿರುವುದು ಚಿತ್ರದ ಜಾಣತನವೂ ಹೌದು.

ಕೊನೆಗೆ, ತಾರೆಯಲ್ಲದವರ ಪಾಡೇನಾಯಿತೆಂದು ಚಿತ್ರದ ಹೊರಗೆ ಹುಡುಕಬೇಕು. ಪ್ರವಾಸದಲ್ಲಿದ್ದ ಏಳು ಮಂದಿ ನರ್ತಕರ ಪೈಕಿ ಮೂವರು, ಚಿತ್ರವು ತಮ್ಮ ಖಾಸಗಿತನಕ್ಕೆ ಧಕ್ಕೆ ತಂದಿತೆಂದು 1992ರಲ್ಲಿ ಮೊಕದ್ದಮೆ ಹೂಡಿದರು. ಅದು ಮುಂದೆ ರಾಜಿಯಲ್ಲಿ ಮುಗಿಯಿತು. 2016ರ 'ಸ್ಟ್ರೈಕ್ ಎ ಪೋಸ್' ಎಂಬ ಸಾಕ್ಷ್ಯಚಿತ್ರದಲ್ಲಿ ಅದೇ ತಂಡದ ನರ್ತಕರು ಕಾಲು ಶತಮಾನದ ನಂತರ ಮಾತನಾಡುತ್ತಾರೆ. ಅದನ್ನು ನೋಡಿ ಮುಗಿಸಿದ ಮೇಲೆ ಹಳೆಯ ಚಿತ್ರಕ್ಕೆ ಹಿಂದಿರುಗಿ, ಅದಕ್ಕೆ ಶೀರ್ಷಿಕೆ ಕೊಟ್ಟ 'ಟ್ರೂತ್ ಆರ್ ಡೇರ್' (ನಿಜ ಹೇಳು, ಇಲ್ಲವೇ ಕೊಟ್ಟ ಸವಾಲು ಮಾಡು) ಆಟದ ದೃಶ್ಯವನ್ನು ಮತ್ತೊಮ್ಮೆ ಹಾಕಿ, ಈ ಸಲ ಮಡೋನಾರನ್ನು ಬಿಟ್ಟು ಸುತ್ತ ಕುಳಿತವರ ಮುಖಗಳನ್ನಷ್ಟೇ ನೋಡಿ.