ಸಣ್ಣ ಹುಡುಗನ್ನ ನಡುವ ಕೂಡಿಸ್ರಿ

ಹುಬ್ಬಳ್ಳಿ ಸ್ಟೇಷನ್ ಮುಂದೆ ಹನ್ನೊಂದು ವರ್ಷದಿಂದ ಬಾಡಿಗೆ ಕಾರು ಓಡಿಸ್ತೀನಿ. ಹೊರಗಿನವರ ಜೊತೆ ಹರಕು ಮುರುಕು ಹಿಂದಿಯಲ್ಲಿ ಹೇಗೋ ಸುಧಾರಿಸಬಹುದು, ಮೆಸೇಜ್ ಮಾತ್ರ ಇಂಗ್ಲಿಷಿನಲ್ಲೇ ಹಾಕಬೇಕು. ‘ಐ ವಿಲ್ ಪಿಕ್ ಅಪ್ ಯೂ’ ಅಂತ ಎಷ್ಟು ಸಲ ಬರೆದಿದ್ದೆನೋ ಲೆಕ್ಕ ಇಲ್ಲ. ಅರ್ಥ ಆಗುತ್ತಿತ್ತು, ಹಾಗಾಗಿ ಯಾರೂ ತಿದ್ದಲಿಲ್ಲ.

ತಿದ್ದಿದವರು ಧಾರವಾಡದ ಒಬ್ಬ ನಿವೃತ್ತ ಟೀಚರಮ್ಮ. ಉಣಕಲ್ ದಾಟುವಾಗ ನನ್ನ ಮೆಸೇಜ್ ತೆರೆದು ಕೇಳಿದರು: “ತಮ್ಮಾ, ಹಿಂದಿನ ಸೀಟಿನ್ಯಾಗ ಮೂರು ಮಂದಿ ಕುಂತ್ರ ಸಣ್ಣ ಹುಡುಗನ್ನ ಎಲ್ಲಿ ಕೂಡಿಸ್ತಿ?”

“ನಡುವರೀ ಅಮ್ಮಾರ.”

“‘ಯೂ’ನೂ ಅಲ್ಲೇ ಕೂಡಿಸು. ಪಿಕ್ ಯೂ ಅಪ್.”

ಬ್ಯಾಗು, ಎಸಿ ಇಂಥ ಹೆಸರುಗಳು ದೊಡ್ಡವರಿದ್ದ ಹಾಗೆ, ಎಲ್ಲಿ ಬೇಕಾದರೂ ಕೂಡುತ್ತವೆ. ‘ಸ್ವಿಚ್ ಆಫ್ ದಿ ಎಸಿ’ ಅನ್ನಿ, ‘ಸ್ವಿಚ್ ದಿ ಎಸಿ ಆಫ್’ ಅನ್ನಿ, ಎರಡೂ ಸರಿ. ಇಟ್, ಹಿಮ್, ಹರ್, ದೆಮ್ ಮಾತ್ರ ನಡುವೆಯೇ: ‘ಸ್ವಿಚ್ ಇಟ್ ಆಫ್’.

ಕಲಿತ ಹುರುಪಿನಲ್ಲಿ ಮರುವಾರವೇ ಎಡವಿದೆ. ನಮ್ಮ ಸ್ಟೇಷನ್ನಿನ ಎಂಟನೇ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದ, ಗಿರಾಕಿ ಎಲ್ಲಿ ಇಳಿದಿದ್ದಾರೋ ಗೊತ್ತಾಗಲಿಲ್ಲ. ‘ಐ ಆ್ಯಮ್ ಲುಕಿಂಗ್ ಯೂ ಫಾರ್’ ಅಂತ ಹಾಕಿದೆ! ಬರೀ ಪ್ರಶ್ನಾರ್ಥಕ ಚಿಹ್ನೆ ಬಂತು. ಲುಕ್ ಜೊತೆಗಿನ ‘ಫಾರ್’, ‘ಆಫ್ಟರ್’, ‘ಅಟ್’ ನಡುವೆ ಯಾರನ್ನೂ ಬಿಟ್ಟುಕೊಳ್ಳುವುದಿಲ್ಲ. ‘ಲುಕಿಂಗ್ ಫಾರ್ ಯೂ’ ಅಂತಲೇ ಆಗಬೇಕು. ಬಾಯಿಬಿಟ್ಟು ಅಂದು ನೋಡಿದರೆ ಬಹುಮಟ್ಟಿಗೆ ತಿಳಿಯುತ್ತದೆ. ‘ಪಿಕ್ ಯೂ ಅಪ್’ನಲ್ಲಿ ‘ಅಪ್’ ಮೇಲೆ ಒತ್ತು ಬೀಳುತ್ತದೆ, ‘ಫಾರ್’ ಮಾತ್ರ ಅರ್ಧ ನುಂಗಿದ ಹಾಗೆ ಜಾರಿ ಹೋಗುತ್ತದೆ.

ನನ್ನನ್ನು ಹೆಚ್ಚು ಕಾಡಿದ್ದು ನಮ್ಮ ‘ಗೆ’. ‘ನನಗೆ ಫೋನ್ ಮಾಡ್ರಿ’ ಅನ್ನೋದನ್ನ ‘ಕಾಲ್ ಟು ಮಿ’ ಅಂತ ಬರೆಯುತ್ತಿದ್ದೆ. ಅಲ್ಲಿ ‘ಟು’ ಬೇಡವೇ ಬೇಡ. ‘ನಿಮ್ಮನ್ನ ಕಾಯಾಕತ್ತೀನಿ’ ಅನ್ನುವಾಗ ನಮ್ಮಲ್ಲಿ ‘ಗೆ’ ಇಲ್ಲ, ಇಂಗ್ಲಿಷ್ ಮಾತ್ರ ‘ವೇಟಿಂಗ್ ಫಾರ್ ಯೂ’ ಅಂತ ‘ಫಾರ್’ ಕೇಳುತ್ತದೆ. ‘ಟೆಲ್ ಮಿ’ಗೆ ಏನೂ ಬೇಡ, ‘ಸೇ ಟು ಮಿ’ಗೆ ‘ಟು’ ಬೇಕು. ಇದಕ್ಕೆ ಸೂತ್ರ ಹುಡುಕುವುದನ್ನು ಬಿಟ್ಟೆ. ಡೀಸೆಲ್ ಲೆಕ್ಕದ ವಹಿಯ ಹಿಂದಿನ ಹಾಳೆಗಳಲ್ಲಿ ಇಡೀ ತುಣುಕನ್ನೇ ಬರೆದಿಟ್ಟುಕೊಂಡೆ: ‘ಕಾಲ್ ಮಿ’, ‘ವೇಟ್ ಫಾರ್ ಮಿ’, ‘ಲಿಸನ್ ಟು ಮಿ’, ‘ಡ್ರಾಪ್ ಯೂ ಆಫ್’. ಬಿಡಿ ಪದ ಒಂದೂ ಬರೆಯಲಿಲ್ಲ. ರೈಲು ತಡವಾದಾಗೆಲ್ಲ ಅದೇ ಓದು.

ಒಂದು ಮಾತ್ರ ಇನ್ನೂ ನಾಲಿಗೆಗೆ ಬರುತ್ತಿಲ್ಲ. ಬಸ್ಸಿನಿಂದ ‘ಗೆಟ್ ಆಫ್’, ಕಾರಿನಿಂದ ‘ಗೆಟ್ ಔಟ್’ ಅಂತ ಟೀಚರಮ್ಮ ಹೇಳಿದ್ದಾರೆ. ಇರಬಹುದು. ಆದರೆ ಬಾಡಿಗೆ ಕೊಡುವ ಮನುಷ್ಯನಿಗೆ ‘ಗೆಟ್ ಔಟ್ ಸರ್’ ಅನ್ನೋದು ಹೆಂಗ್ರಿ? ಬಾಗಿಲು ತೆಗೆದು ‘ವಿ ಆರ್ ಹಿಯರ್ ಸರ್’ ಅಂತೀನಿ, ತಾವೇ ಇಳೀತಾರ.